ಸೋಮವಾರ ಬೆಳಗಿನಷ್ಟು ಮಂಕು

ಜನವರಿ 14, ಮಂಗಳವಾರ

ಹತ್ತೊಂಬತ್ತು ಜೊತೆ ಸ್ಕೇಟಿಗೆ ಸಾಣೆ ಹಿಡಿದೆ. ಸಾಣೆಕಲ್ಲು ಸವೆದಿದೆ, ಹೊಸದು ತರಿಸಿ ಎಂದು ಕೋಚ್ ರೆಂಪಲ್‌ಗೆ ಮೂರನೇ ಸಲ ಹೇಳಿದ್ದಾಯಿತು. 'ನೋಡೋಣ' ಎಂದ. ಅವನ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಹೊರಗೆ ಮೈನಸ್ ಮೂವತ್ತೊಂದು. ಎಂಜಿನ್ ಬೆಚ್ಚಗಿಡುವ ಪ್ಲಗ್ ಹಾಕಲು ಮರೆತಿದ್ದೆ, ಟ್ರಕ್ ಮಿಸುಕಲಿಲ್ಲ. ನಡೆದೇ ಬಂದೆ. ಮೀಸೆಯೆಲ್ಲ ಹೆಪ್ಪುಗಟ್ಟಿತ್ತು.

ಮೆಲ್ಲಿ ಇಂದು ಐಸ್ ಮೇಲೆ ಇಳಿದ. ಏಳು ವಾರದ ಮೇಲೆ! ಯಾರೂ ಮುಟ್ಟಬಾರದೆಂಬ ಗುರುತಿಗೆ ಹಳದಿ ಜೆರ್ಸಿ. ಹುಡುಗರೆಲ್ಲ ಕೋಲುಗಳನ್ನು ಐಸಿಗೆ ಬಡಿಬಡಿದು ಸ್ವಾಗತಿಸಿದರು. ಆ ಸದ್ದಿಗೆ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಖುಷಿಗೆ ಎಂದುಕೊಂಡೆ.

ಪೇಪರಿನವರಿಗೆ ಅವನು ಬ್ರೆಟ್ ಮೆಲ್ನಿಕ್, ಹದಿನೇಳನೇ ನಂಬರು, ಮ್ಯಾಗ್‌ಪೈ ಐಸ್ ಹಾಕಿ ತಂಡದ ಪ್ರಾಣ. ನನಗೆ ಆರು ವರ್ಷದವನಿದ್ದಾಗಿನಿಂದ ಮೆಲ್ಲಿ. ಅವನ ಮೊದಲ ಸ್ಕೇಟಿಗೆ ಸಾಣೆ ಹಿಡಿದವನು ನಾನೇ. ಈಗ ಇಪ್ಪತ್ತೇಳು, ನಾಲ್ಕು ವರ್ಷದ ಮಗಳ ಅಪ್ಪ. ನವೆಂಬರಿನಲ್ಲಿ ಎದುರಾಳಿಯ ಮೊಣಕೈ ದವಡೆಗೆ ಬಿದ್ದು ತಲೆ ರಿಂಕಿನ ಸುತ್ತಲ ಗಾಜಿನ ಗೋಡೆಗೆ ಬಡಿದಾಗ, ಎದ್ದು ನಿಂತವನು ನನ್ನನ್ನೇ ಕೇಳಿದ್ದ — 'ನೀವ್ಯಾರು?'

ಇವತ್ತು ಸರಿಯಾಗಿ ಕರೆದ. 'ಏ ಸಾಣೆ! ಇನ್ನೂ ಬದುಕಿದ್ದೀಯಾ ಮುದುಕ?'

'ನಿನ್ನ ಸ್ಕೇಟು ಮೊಂಡಾಗೋವರೆಗೂ ಸಾಯಲ್ಲ ಕಣೋ' ಎಂದೆ. ಕಣ್ಣಲ್ಲಿ ನೀರು ಬಂತು, ಸಾಣೆಯ ದೂಳು ಎಂದು ಒರೆಸಿಕೊಂಡೆ.

ಜನವರಿ 21, ಮಂಗಳವಾರ

ಮೆಲ್ಲಿ ಪಾಸು! ಇಡೀ ರಿಂಕಿನಲ್ಲಿ ಇದೇ ಮಾತು.

ತಲೆಯ ಪರೀಕ್ಷೆ ಅದು. ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಪದಗಳನ್ನು ತೋರಿಸಿ ಆಮೇಲೆ ಕೇಳುತ್ತದೆ, ಆಕಾರ ನೆನಪಿಡು ಎನ್ನುತ್ತದೆ, ಬಣ್ಣ ಕಂಡ ಕೂಡಲೇ ಗುಂಡಿ ಒತ್ತು ಎನ್ನುತ್ತದೆ. ಸೆಪ್ಟೆಂಬರಿನಲ್ಲಿ ಎಲ್ಲರೂ ಒಮ್ಮೆ ಬರೆದಿರುತ್ತಾರೆ. ಪೆಟ್ಟು ಬಿದ್ದವನು ಮತ್ತೆ ಬರೆದು ತನ್ನದೇ ಸೆಪ್ಟೆಂಬರ್ ಅಂಕಕ್ಕೆ ಮುಟ್ಟಿದರೆ ವಾಸಿಯಾದಂತೆ. ಫಿಸಿಯೋ ಲೋರಾ ಫ್ರೀಸನ್ ಕಾಗದ ಹಿಡಿದು ಬಂದಳು. 'ಸೆಪ್ಟೆಂಬರ್‌ಗಿಂತ ಎರಡಂಕ ಜಾಸ್ತೀನೇ ಬಂದಿದೆ. ಇನ್ನು ಹಂತ ಹಂತವಾಗಿ ಆಟಕ್ಕೆ ಬಿಡಬಹುದು.'

ಪೆಟ್ಟು ಬಿದ್ದ ಮೇಲೆ ಬುದ್ಧಿ ಜಾಸ್ತಿ ಆಯಿತಲ್ಲ ಎಂದು ಹುಡುಗರು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಸೂಪು ಬಿಸಿಗಿಟ್ಟು ಕೂತಾಗ ನಗು ಇಳಿಯಿತು. ಎರಡಂಕ ಜಾಸ್ತಿ ಯಾಕೆ ಬಂತು ಎಂದು ನನಗೆ ಗೊತ್ತು.

ಹದಿನೈದು ವರ್ಷದಿಂದ ಪ್ರತಿ ಸೆಪ್ಟೆಂಬರ್, ಪರೀಕ್ಷೆಯ ಬೆಳಿಗ್ಗೆ, ಡ್ರೆಸ್ಸಿಂಗ್ ರೂಮಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತು ನಾನು ಹೇಳುವ ಮಾತು ಒಂದಿದೆ. 'ಇರೋ ಬುದ್ಧೀನೆಲ್ಲ ಇವತ್ತೇ ಖರ್ಚು ಮಾಡಬೇಡ್ರೋ. ತೀರಾ ದಡ್ಡರಾದ್ರೆ ಮಿಷನ್ ಹಿಡ್ದುಬಿಡುತ್ತೆ. ಸೋಮವಾರ ಬೆಳಗಿನಷ್ಟು ಮಂಕಾಗಿದ್ರೆ ಸಾಕು.' ಬಿದ್ದು ಬಿದ್ದು ನಗುತ್ತಾರೆ. ಹೊಸಬರಿಗೆ ಹಳಬರು ಅರ್ಥ ಬಿಡಿಸಿ ಹೇಳುತ್ತಾರೆ — ಈಗ ಕಡಿಮೆ ಅಂಕ ತಗೊಂಡ್ರೆ ಪೆಟ್ಟು ಬಿದ್ದಾಗ ದಾಟೋದು ಸುಲಭ.

ತಮಾಷೆಗೆ ಹೇಳುತ್ತಿದ್ದೆ. ಪೂರ್ತಿ ತಮಾಷೆಗಲ್ಲ... ಯಾರಿಗಾಗಿ ಬರೆಯುತ್ತಿದ್ದೇನೆ ಇದನ್ನು, ಸುಳ್ಳು ಬರೆಯಲು? ನಮ್ಮ ಕಾಲದಲ್ಲಿ ತಲೆಗೆ ಪೆಟ್ಟು ಬಿದ್ದರೆ ಕೋಚ್ ಮೂರು ಬೆರಳು ತೋರಿಸಿ ಎಷ್ಟು ಎನ್ನುತ್ತಿದ್ದ, ಯಾವಾಗಲೂ ಮೂರೇ, ಎಲ್ಲರೂ ಮೂರು ಎಂದು ಹೇಳಿ ಐಸಿಗೆ ಓಡುತ್ತಿದ್ದೆವು. ಹುಡುಗರನ್ನು ಯಂತ್ರವೊಂದು ಆಟದಿಂದ ಹೊರಗೆ ಕೂರಿಸಿಬಿಡಬಾರದು ಎಂಬ ಹಟ ನನ್ನದು.

ಫೆಬ್ರವರಿ 1, ಶನಿವಾರ

ಇಪ್ಪತ್ತೆರಡು ಜೊತೆ. ಕಲ್ಲು ಬಂದಿಲ್ಲ.

ಮೆಲ್ಲಿ ಕೋಲಿಗೆ ಟೇಪು ಸುತ್ತುವುದನ್ನು ನೋಡುತ್ತಾ ಕೂತಿದ್ದೆ. ಅದು ಅವನ ಪೂಜೆ. ಯಾರೂ ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ. ಕೋಲಿನ ಬಾಗಿದ ಅಲಗಿನ ಬುಡದಿಂದ ತುದಿಗೆ, ಕಪ್ಪು ಟೇಪು, ಹನ್ನೊಂದು ಸುತ್ತು. ಇಪ್ಪತ್ತು ವರ್ಷದಿಂದ ಹಾಗೇ.

ಇಂದು ತುದಿಯಿಂದ ಶುರು ಮಾಡಿದ. ನಾಲ್ಕು ಸುತ್ತು ಸುತ್ತಿ ನಿಲ್ಲಿಸಿದ. ಕೋಲನ್ನೇ ನೋಡಿದ, ಬೇರೆ ಯಾರದೋ ಎಂಬಂತೆ. ಕಿತ್ತು ಹಾಕಿ ಮತ್ತೆ ತುದಿಯಿಂದಲೇ ಶುರು ಮಾಡಿದ.

'ಹೊಸ ಸ್ಟೈಲಾ?' ಎಂದೆ.

'ಹ್ಞೂಂ. ಅದೃಷ್ಟ ಬದಲಾಗಲಿ ಅಂತ' ಎಂದ. ಬೇಗನೇ ಹೇಳಿದ, ತೀರಾ ಬೇಗ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ಅವನ ಸ್ಕೇಟಿಗೆ ಸಾಣೆ ಹಿಡಿದುಕೊಟ್ಟೆ. ಹನ್ನೊಂದೂವರೆಗೆ ಅದೇ ಜೊತೆ ಹಿಡಿದು ಮತ್ತೆ ಬಂದ. 'ಭಾನುವಾರದಿಂದ ಹಾಗೇ ಇದೆ, ಸ್ವಲ್ಪ ಹಿಡ್ದುಕೊಡು.' ಬ್ಲೇಡಿಗೆ ನಾನು ಹಚ್ಚಿದ ಎಣ್ಣೆ ಇನ್ನೂ ಆರಿರಲಿಲ್ಲ.

ಹೇಳಬಹುದಿತ್ತು. ಲೇ, ಬೆಳಿಗ್ಗೆ ತಾನೇ ಮಾಡಿಕೊಟ್ಟೆನಲ್ಲೋ ಎನ್ನಲು ಎಷ್ಟು ಹೊತ್ತು? ಹೇಳಲಿಲ್ಲ. ತೆಗೆದುಕೊಂಡು ಮೋಟಾರು ಹಾಕಿದೆ. ಕಲ್ಲು ಕಿರ್ರೆಂದ ಕೂಡಲೇ ಎಡಗೈಯಿಂದ ಕಿವಿ ಮುಚ್ಚಿ ಗೋಡೆಗೆ ಒರಗಿದ. ಮೋಟಾರು ಆರಿಸಿ, ಬ್ಲೇಡನ್ನು ಬಟ್ಟೆಯಿಂದ ಸುಮ್ಮನೆ ಒರೆಸಿ ಕೊಟ್ಟೆ.

'ನೀನೊಬ್ಬನೇ ಸರಿಯಾಗಿ ಮಾಡೋದು' ಎಂದು ಬೆನ್ನು ತಟ್ಟಿ ಹೋದ.

ಫೆಬ್ರವರಿ 6, ಗುರುವಾರ

ಇದನ್ನು ಇದ್ದದ್ದು ಇದ್ದ ಹಾಗೆ ಬರೆದಿಡಬೇಕು.

ಲೋರಾ ನನ್ನ ಸಾಣೆ ಕೋಣೆಗೆ ಬಂದಳು. ಎಂದೂ ಬರುವವಳಲ್ಲ, ಲೋಹದ ದೂಳು ಆಗದು ಅವಳಿಗೆ. ಬಾಗಿಲು ಹಾಕಿಕೊಂಡಳು.

'ವಾಲ್ಟರ್, ಭಾನುವಾರ ಆಡಿಸೋದಕ್ಕೆ ನಾನು ಸಹಿ ಹಾಕಬೇಕು. ಕಾಗದದ ಪ್ರಕಾರ ಎಲ್ಲಾ ಸರಿ ಇದೆ. ನೀವು ಅವನನ್ನ ಎಲ್ಲರಿಗಿಂತ ಹತ್ತಿರದಿಂದ ನೋಡಿದೋರು. ಏನಾದ್ರೂ ವ್ಯತ್ಯಾಸ ಕಾಣುತ್ತಾ? ಸಣ್ಣದಾದ್ರೂ ಪರವಾಗಿಲ್ಲ, ಹೇಳಿ.'

ನಾಲಗೆ ತುದಿಯಲ್ಲಿತ್ತು. ಟೇಪು, ಸ್ಕೇಟು, ಕಿವಿ, ಸೆಪ್ಟೆಂಬರ್, ಎಲ್ಲ. ಹೇಳಿದ್ದರೆ ಮೆಲ್ಲಿ ಈ ಸೀಸನ್ ಮನೆಯಲ್ಲಿ. ಭಾನುವಾರ ಸೋತರೆ ಪ್ಲೇಆಫ್ ಇಲ್ಲ. ಊರಿಗೆ ಊರೇ ನನ್ನ ಮುಖ ನೋಡುವುದಿಲ್ಲ. ಅವಳು ಕೇಳುತ್ತಾಳೆ — ಸೆಪ್ಟೆಂಬರಿನ ಮಾತು ಯಾರದು?

ಇಷ್ಟೆಲ್ಲ ಲೆಕ್ಕ ಹಾಕಲು ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು. ಮುದಿ ತಲೆ ಇಂಥದ್ದಕ್ಕೆ ಚುರುಕು.

'ಇಲ್ಲಮ್ಮ' ಎಂದೆ. 'ಮೊದಲಿನ ಮೆಲ್ಲಿನೇ.'

'ನೀವು ಹೇಳಿದ್ರೆ ಮುಗೀತು. ಧೈರ್ಯ ಬಂತು ನೋಡಿ' ಎಂದಳು.

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 10

ಆಟ ಎರಡು ಗಂಟೆಗೆ. ಕಾರುಗಳು ಈಗಲೇ ಸಾಲುಗಟ್ಟಿವೆ. ಕ್ಯಾಂಟೀನಿನಿಂದ ಪೆರೋಗಿ ಕಡುಬು, ಈರುಳ್ಳಿ ಹುರಿದ ವಾಸನೆ. ಮೆಲ್ಲಿಯ ಹೆಂಡತಿ ಕೆಂಡ್ರಾ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದಳು. ಆ ಟೆಸ್ಸಾಳ ಬೆನ್ನಿಗೂ ಹದಿನೇಳು ನಂಬರು. 'ಸಾಣೆತಾತ, ಅಪ್ಪ ಎಷ್ಟು ಗೋಲು ಹೊಡೀತಾನೆ?' ಮೂರು ಬೆರಳು ತೋರಿಸಿದೆ.

ತೋರಿಸಿದ ಮೇಲೆ ಕೈ ಜೇಬಿಗೆ ಹಾಕಿಕೊಂಡೆ.

ಇನ್ನೂ ಹೊತ್ತಿದೆ. ಲೋರಾಳ ಕೋಣೆ ನನ್ನ ಕೋಣೆಯಿಂದ ಹದಿನಾಲ್ಕು ಹೆಜ್ಜೆ.

ಅದೇ ದಿನ, ಸಂಜೆ 6

ಹೋಗಲಿಲ್ಲ.

ಮೊದಲ ಪೀರಿಯಡ್‌ನಲ್ಲೇ ಮೆಲ್ಲಿಯ ಗೋಲು. ಎಂಥ ಗೋಲು! ಇಬ್ಬರನ್ನು ಎಡಕ್ಕೆ ವಾಲಿಸಿ ತಾನು ಬಲಕ್ಕೆ ಜಾರಿ, ಪಕ್ ಬಿಲ್ಲೆಯನ್ನು ಗೋಲ್‌ಕೀಪರನ ಭುಜದ ಮೇಲಿಂದ ಒಳಗೆ ಇಟ್ಟುಬಿಟ್ಟ. ಸಾವಿರದ ಚಿಲ್ಲರೆ ಜನ ಎದ್ದು ನಿಂತರು. ನಾನು ಕಿರುಚಿ ಕಿರುಚಿ ಗಂಟಲು ಕಟ್ಟಿತು. ಆ ಕ್ಷಣ ನಾನು ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಹೌದು, ಎಂದುಕೊಂಡೆ. ಇದನ್ನೂ ಬರೆಯುತ್ತೇನೆ.

ಮೂರನೇ, ಕೊನೆಯ ಪೀರಿಯಡ್‌ನಲ್ಲಿ ಇನ್ನು ಎಂಟು ನಿಮಿಷವಿತ್ತು. ಮೂಲೆಯಲ್ಲಿ ಭುಜಕ್ಕೆ ಭುಜ ತಗಲಿತು. ಆಟದಲ್ಲಿ ನೂರು ಸಲ ಆಗುವಂಥದ್ದು, ರೆಫರಿ ಸೀಟಿ ಕೂಡ ಊದಲಿಲ್ಲ. ತಲೆ ಎಲ್ಲೂ ಬಡಿಯಲಿಲ್ಲ, ಬರೀ ಜಗ್ಗಿತು. ಮೆಲ್ಲಿ ತಾನಾಗೇ ಬೆಂಚಿಗೆ ಬಂದು ನನ್ನ ಪಕ್ಕ ಕೂತ.

'ಟೆಸ್ಸಾ ಎಲ್ಲಿ?' ಎಂದ.

'ಮೇಲೆ ಕೂತಿದಾಳೆ ಕಣೋ, ಅಮ್ಮನ ಜೊತೆ.'

'ಹುಟ್ಟಿದಾಳಾ?' ಎಂದ.

ಆಮೇಲೆ ನನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡ. ಆಮೇಲೆ ಸ್ಟ್ರೆಚರು. ಲೋರಾ ಅವನ ಕತ್ತು ಹಿಡಿದುಕೊಂಡೇ ನನ್ನತ್ತ ಒಮ್ಮೆ ನೋಡಿದಳು. ನಾನು ಬೂಟು ಒರೆಸುತ್ತಿದ್ದೆ.

ಗೆದ್ದೆವು. 3–2.

ಮಾರ್ಚ್ 20, ಗುರುವಾರ

ಬರೆಯಲು ಆಗಿರಲಿಲ್ಲ.

ಪ್ಲೇಆಫ್ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದೆವು. ನಾಲ್ಕಕ್ಕೆ ನಾಲ್ಕೂ ಆಟ. ಇದಕ್ಕಾಗಿ! ಹೊಸ ಕಲ್ಲು ಬಂದಿದೆ. ಪೊಟ್ಟಣ ಬಿಚ್ಚಿಲ್ಲ.

ಲೋರಾ ತನ್ನನ್ನೇ ಬೈದುಕೊಳ್ಳುತ್ತಿದ್ದಾಳಂತೆ. ಕೆಲಸವನ್ನೇ ಬಿಡುತ್ತಾಳಂತೆ, ಕೋಚ್ ಹೇಳಿದ. 'ಅವಳದೇನಯ್ಯಾ ತಪ್ಪು? ಟೆಸ್ಟು ಪಾಸಾಗಿತ್ತಲ್ಲ. ನೀನಾದ್ರೂ ಹೋಗಿ ನಾಲ್ಕು ಮಾತು ಹೇಳು, ನಿನ್ನ ಮಾತು ಕೇಳ್ತಾಳೆ.'

ನನ್ನ ಮಾತು ಕೇಳಿಯೇ ಹೀಗಾದದ್ದು. ಹೋಗಲಿಲ್ಲ. ಹೇಡಿ ನಾನು.

ಏಪ್ರಿಲ್ 22, ಮಂಗಳವಾರ

ಕೊನೆಗೂ ಮೆಲ್ಲಿಯ ಮನೆಗೆ ಹೋದೆ. ಎಲ್ಲ ಹೇಳಿಬಿಡಬೇಕು ಎಂದೇ ಹೋದೆ.

ಬೆಳಕು ತಡೆಯಲು ಕಿಟಕಿಗಳಿಗೆ ಕಂಬಳಿ ಹೊಡೆದಿದ್ದಾರೆ. ಟೆಸ್ಸಾ ಬಾಗಿಲು ತೆಗೆದು ಪಿಸುಗುಟ್ಟಿದಳು, 'ತಾತ, ಬೂಟು ಬಿಚ್ಚಿ. ಸದ್ದಾಗುತ್ತೆ.' ಆ ಮನೆಯಲ್ಲಿ ಮಗು ಪಿಸುಮಾತೇ ಮಾತೆಂದು ಕಲಿತುಬಿಟ್ಟಿದೆ. ಕೆಂಡ್ರಾ ಕಾಫಿ ಕೊಟ್ಟಳು. 'ಇವತ್ತು ಪರವಾಗಿಲ್ಲ. ಕೇಳಿದ್ದೇ ಕೇಳ್ತಾನೆ, ಬೇಜಾರು ಮಾಡ್ಕೋಬೇಡಿ' ಎಂದಳು.

ಮೆಲ್ಲಿ ಕತ್ತಲಲ್ಲಿ ಸೋಫಾದ ಮೇಲೆ. ಗಡ್ಡ ಬಂದಿದೆ. ನನ್ನ ಗುರುತು ಹಿಡಿದ. ಕೈ ಹಿಡಿದುಕೊಂಡ.

'ಸಾಣೆ, ಒಂದು ವಿಷಯ ನಿಂಗೆ ಹೇಳ್ಬೇಕು ಅಂತಿದ್ದೆ. ಥ್ಯಾಂಕ್ಸ್ ಕಣೋ.'

'ಯಾಕೆ?'

'ಟೆಸ್ಟಿಗೆ. ನೀನು ಹೇಳಿಕೊಟ್ಟ ಹಾಗೆ ಮಾಡಿದ್ದಕ್ಕೇ ಪಾಸಾಗಿದ್ದು. ಇಲ್ದಿದ್ರೆ ಆ ಗೋಲು ಎಲ್ಲಿರ್ತಿತ್ತು? ಆ ಗೋಲು ನೆನಪಿದೆ ನೋಡು. ಅದೊಂದು ಚೆನ್ನಾಗಿ ನೆನಪಿದೆ.'

ಹೇಳಲು ಹೋದದ್ದು ಹಾಗೇ ಉಳಿಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆದಿದ್ದರೂ. ಥ್ಯಾಂಕ್ಸ್ ಎಂದುಬಿಟ್ಟನಲ್ಲ, ಅಯ್ಯೋ ದೇವರೇ... ಹತ್ತು ನಿಮಿಷ ಬಿಟ್ಟು ಮತ್ತೆ ಕೈ ಹಿಡಿದ. 'ಸಾಣೆ, ಒಂದು ವಿಷಯ ನಿಂಗೆ ಹೇಳ್ಬೇಕು ಅಂತಿದ್ದೆ.'

ನಾಲ್ಕು ಸಲ. ನಾಲ್ಕೂ ಸಲ ಕೂತು ಕೇಳಿಸಿಕೊಂಡೆ. ಅಷ್ಟಾದರೂ ಮಾಡಬೇಕಿತ್ತು.

ಆಗಸ್ಟ್ 28, ಗುರುವಾರ

ಮೆಲ್ಲಿ ಇನ್ನು ಆಡುವುದಿಲ್ಲ ಎಂದು ಪೇಪರಿನಲ್ಲಿ ಬಂತು. ಫೋಟೋ ಆ ಗೋಲಿನದೇ.

ಕೋಚ್ ಕೇಳಿದ, ವಾರಕ್ಕೆರಡು ದಿನ ಬೆಳಿಗ್ಗೆ ಅವನನ್ನು ನಿನ್ನ ಕೋಣೆಯಲ್ಲಿ ಕೂರಿಸಿಕೊಳ್ಳುತ್ತೀಯಾ, ಟೇಪು ಎಣಿಸಲಿ, ಮನೆಯಲ್ಲಿ ಕೂತು ಕೂತು ಕೊಳೆಯುತ್ತಿದ್ದಾನೆ ಎಂದು. ಹ್ಞೂಂ ಎಂದೆ. ಅವನಿದ್ದಾಗ ಮೋಟಾರು ಹಾಕುವುದಿಲ್ಲ.

ಲೋರಾ ಕೆಲಸ ಬಿಟ್ಟಿಲ್ಲ. ನನಗೆ ನಮಸ್ಕಾರ ಎನ್ನುತ್ತಾಳೆ. ಈ ವರ್ಷ ಆ ಮಾತು ಆಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಸುಮ್ಮನಿದ್ದುಬಿಡುವುದು. ನಾನು ಆಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ.

ಸೆಪ್ಟೆಂಬರ್ 6, ಶನಿವಾರ, ಬೆಳಿಗ್ಗೆ 11

ಪರೀಕ್ಷೆಯ ದಿನ. ಒಳಗೆ ಇನ್ನೂ ಬರೆಯುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಬರೆದುಬಿಡುತ್ತೇನೆ.

ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತಮೂರು ಜನ, ಏಳು ಮಂದಿ ಹೊಸಬರು. ಮೆಲ್ಲಿ ನನ್ನ ಪಕ್ಕದಲ್ಲಿ ಟೇಪಿನ ಡಬ್ಬಿ ಹಿಡಿದು ಕೂತಿದ್ದ. ಲೋರಾ ಕಾಗದಗಳ ಕಟ್ಟು ಹಿಡಿದು ಬಾಗಿಲಲ್ಲಿ. ಹಳಬರು ಶುರು ಮಾಡಿದರು — 'ಏ ಸಾಣೆ, ಹತ್ತು ಬೆಂಚು! ಉಪದೇಶ ಆಗ್ಲಿ!'

ನಾನು ತಲೆ ಅಲ್ಲಾಡಿಸಿದೆ. ನೆಲ ನೋಡುತ್ತಾ ಕೂತೆ.

ಪಕ್ಕದಲ್ಲಿ ಡಬ್ಬಿ ಕೆಳಗಿಟ್ಟ ಸದ್ದು. ಮೆಲ್ಲಿ ಬೆಂಚು ಹತ್ತಿದ್ದ. ಬೆಳಿಗ್ಗೆ ಏನು ತಿಂದೆ ಎಂದರೆ ಗೊತ್ತಿಲ್ಲದವನು. ಮಗಳನ್ನು ಶಾಲೆಗೆ ಬಿಟ್ಟು ಬಂದೆಯಾ ಎಂದರೆ ಕೆಂಡ್ರಾಳ ಮುಖ ನೋಡುವವನು. ಗೋಡೆಗೆ ಒಂದು ಕೈ ಊರಿ, ನನ್ನದೇ ದನಿಯಲ್ಲಿ, ಒಂದಕ್ಷರ ತಪ್ಪದೆ —

'ಇರೋ ಬುದ್ಧೀನೆಲ್ಲ ಇವತ್ತೇ ಖರ್ಚು ಮಾಡಬೇಡ್ರೋ. ತೀರಾ ದಡ್ಡರಾದ್ರೆ ಮಿಷನ್ ಹಿಡ್ದುಬಿಡುತ್ತೆ. ಸೋಮವಾರ ಬೆಳಗಿನಷ್ಟು ಮಂಕಾಗಿದ್ರೆ ಸಾಕು.'

ರೂಮು ನಕ್ಕಿತು. ಹೊಸಬರೂ ನಕ್ಕರು. ಮೆಲ್ಲಿ ಬಗ್ಗಿ ನನ್ನ ಮುಖ ನೋಡಿದ. 'ಸರಿಯಾಗಿ ಹೇಳಿದ್ನಾ, ಸಾಣೆ?'

ನಗದೆ ನಿಂತವಳು ಲೋರಾ ಒಬ್ಬಳೇ. ಕೈಯಲ್ಲಿದ್ದ ಕಾಗದಗಳನ್ನು ನೋಡಿದಳು. ಆಮೇಲೆ ನನ್ನನ್ನು. ಹುಡುಗರನ್ನು ಪರೀಕ್ಷೆಗೆ ಕರೆದುಕೊಂಡು ಹೋದಳು.

ಈಗ ಬರುತ್ತಾಳೆ. ಹದಿನಾಲ್ಕು ಹೆಜ್ಜೆ, ಎಣಿಸುತ್ತಿದ್ದೇನೆ. ಮೆಲ್ಲಿ ಇಲ್ಲೇ ಕೂತು ಕೋಲಿಗೆ ಟೇಪು ಸುತ್ತುತ್ತಿದ್ದಾನೆ, ತುದಿಯಿಂದ. ಬಾಗಿಲು ತಟ್ಟಿದಳು. 'ವಾಲ್ಟರ್, ಒಂದು ಮಾತು ಕೇಳ್ಬೇಕಿತ್ತು' ಎನ್ನುತ್ತಿದ್ದಾಳೆ.

ಈ ಸಲ ನಾನು —