ತಲೆ ಕೆಳಗಿಟ್ಟು ಮೂವತ್ತು ದಿನ

ಮಾಲೂರು,
11 ಫೆಬ್ರವರಿ 2026, ಬುಧವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆ ಆಯ್ತಾ? ಸೊಲ್ಲಾಪುರದ ಕಡೆ ಈಗಲೇ ಬಿಸಿಲು ಜೋರು ಅಂತ ಕೇಳಿದೆ. ಉಳಿ ಹಿಡಿಯೋವಾಗ ಮೂಗಿಗೆ ಬಟ್ಟೆ ಕಟ್ಕೋ. ಕಟ್ಕೊಳ್ಳಲ್ಲ ಅಂತ ಗೊತ್ತು, ಆದ್ರೂ ಬರೀತೀನಿ. ದ್ವಾರಪಾಲಕರನ್ನ ಶಿವರಾತ್ರಿ ಹೊತ್ತಿಗೆ ನಿಲ್ಲಿಸ್ಬೇಕು ಅಂದಿದ್ದೆಯಲ್ಲ, ಎಡಗಡೆಯವನ ಕೈ ಕೆತ್ತಿ ಮುಗೀತಾ? ಅಡುಗೆ ಮಾಡೋ ಹುಡುಗ ರೊಟ್ಟಿ ಬಿಟ್ಟು ಬೇರೆ ಏನೂ ಮಾಡಲ್ಲ ಅಂತ ಚಿಕ್ಕಪ್ಪ ಹೇಳ್ದ. ವಾರಕ್ಕೆರಡು ದಿನ ಆದ್ರೂ ಮುದ್ದೆ ಮಾಡ್ಕೊಂಡು ತಿನ್ನು. ಹೋಗೋವಾಗ ರಾಗಿ ಹಿಟ್ಟು ಕಟ್ಟಿ ಕೊಟ್ಟಿದ್ದೆ, ಅದು ಹಾಗೇ ಚೀಲದಲ್ಲಿ ಕೂತಿರುತ್ತೆ.

ಅಕ್ಷರ ಸೊಟ್ಟ ಇದ್ರೆ ಬೈಬೇಡ. ಮಲಗಿಕೊಂಡು ಬರೀತಿದೀನಿ. ಪೆನ್ನು ಮೇಲ್ಮುಖ ಹಿಡಿದ್ರೆ ಎರಡು ಸಾಲಿಗೆ ನಿಂತೋಗುತ್ತೆ, ಅದಕ್ಕೆ ಪೆನ್ಸಿಲು. ಈ ಕಾಲದಲ್ಲಿ ಕಾಗದ ಯಾಕೆ ಅಂತ ಕೇಳ್ತೀಯ. ನಿನಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲನೂ ನೀನು "ಎದ್ದು ಮನೆಗೆ ಹೋಗು" ಅಂದು ಕಟ್ ಮಾಡ್ದೆ. ಕಾಗದವನ್ನ ಹಾಗೆ ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ. ಹರಿದು ಹಾಕಬಹುದು, ಆದ್ರೆ ನೀನು ಅಕ್ಷರ ಇರೋ ಕಾಗದ ಹರಿಯೋನಲ್ಲ.

ಮೊದಲು ಇಲ್ಲಿ ಏನು ನಡೀತಿದೆ ಅಂತ ಸರಿಯಾಗಿ ಹೇಳಿಬಿಡ್ತೀನಿ, ಚಿಕ್ಕಪ್ಪ ನಿನಗೆ ಏನೇನೋ ಹೇಳಿರ್ತಾನೆ. ಇದು ಆಸ್ಪತ್ರೆ ಅಲ್ಲ. ನನಗೆ ಯಾವ ಕಾಯಿಲೆನೂ ಇಲ್ಲ. ಬಾಹ್ಯಾಕಾಶಕ್ಕೆ ಹೋಗೋರ ಮೈಗೆ ಏನಾಗುತ್ತೆ ಅಂತ ನೋಡೋ ಒಂದು ಸಂಶೋಧನಾ ಕೇಂದ್ರ. ಮಂಚದ ತಲೆ ಕಡೆ ಸ್ವಲ್ಪ ತಗ್ಗು, ಕಾಲಿನ ಕಡೆ ಎತ್ತರ. ದಿಂಬಿಲ್ಲ. ಮೂವತ್ತು ದಿನ ಏಳೋ ಹಾಗಿಲ್ಲ, ಕೂರೋ ಹಾಗಿಲ್ಲ. ಊಟ, ಸ್ನಾನ, ಉಳಿದಿದ್ದು ಎಲ್ಲಾ ಮಲಗಿದ ಹಾಗೇ. ಹೊರಳಬಹುದು, ಆದ್ರೆ ಒಂದು ಭುಜ ಹಾಸಿಗೆ ಮೇಲೆ ಇರಲೇಬೇಕು. ಅಲ್ಲಿ ಮೇಲೆ ಹೋದೋರಿಗೆ ತೂಕ ಅನ್ನೋದೇ ಇರಲ್ಲವಂತೆ. ರಕ್ತ ತಲೆ ಕಡೆ ಏರುತ್ತೆ, ಕಾಲಿನ ಮಾಂಸ ಕರಗುತ್ತೆ, ಮೂಳೆ ಟೊಳ್ಳಾಗುತ್ತಾ ಹೋಗುತ್ತೆ. ಭೂಮಿ ಮೇಲೆ ಅದನ್ನ ತೋರಿಸೋಕೆ ಇದು ಒಂದು ದಾರಿ. ಇಂಥ ಪರೀಕ್ಷೆ ಇಷ್ಟು ವರ್ಷ ಜಾಸ್ತಿ ಗಂಡಸರ ಮೇಲೇ ನಡೆದಿದೆ, ಹೆಂಗಸರ ಮೈ ಏನು ಹೇಳುತ್ತೆ ಅಂತ ಕೇಳಿದೋರು ಕಡಿಮೆ. ಈ ಸಲ ಎಂಟು ಜನ ಹೆಂಗಸರಿದ್ದೀವಿ. ನನ್ನ ಪಕ್ಕದ ಮಂಚ ಮುಳಬಾಗಿಲಿನ ಮೆಹ್ರೀನಳದು, ಹೊಲಿಗೆ ಕೆಲಸ ಮಾಡೋಳು, ಇಪ್ಪತ್ತಾರು ವರ್ಷ. ಮೂಗು ಕಟ್ಟಿಕೊಂಡು ಮಾತಾಡಿದ್ರೂ ನಗಿಸ್ತಾಳೆ. "ಮುಖ ಊದಿ ಸುಕ್ಕೆಲ್ಲಾ ಹೋಯ್ತು ಅಕ್ಕಾ, ಈಗಲೇ ಫೋಟೋ ತೆಗೆಸ್ಕೊಂಡುಬಿಡು" ಅಂತಾಳೆ. ಸರ್ಕಾರಿ ಬಸ್ಸಲ್ಲಿ ಒಂಬತ್ತು ವರ್ಷ ನಿಂತುಕೊಂಡು ಟಿಕೆಟ್ ಹರಿದ ಕಾಲು ಅಪ್ಪಾ ಇದು. ಹತ್ತೊಂಬತ್ತನೇ ದಿನಕ್ಕೇ ಮೀನಖಂಡ ಮುಟ್ಟಿದ್ರೆ ನೀರಿಲ್ಲದೆ ಬಾಡಿದ ಬದನೇಕಾಯಿ ಥರ ಇದೆ.

ಸುಲಭ ಅಂತ ಸುಳ್ಳು ಹೇಳಲ್ಲ. ಮೊದಲ ಐದು ದಿನ ಬೆನ್ನು ಮುರಿದ ಹಾಗೆ ನೋವು, ತಲೆ ಸಿಡಿತ. ನಾಲ್ಕನೇ ದಿನ ನಾನು ಹೊರಟುಹೋಗ್ತೀನಿ ಅಂತ ಅತ್ತೆ. ಇಲ್ಲಿ ಹೆಡ್ ನರ್ಸು ಶಾಮಲಮ್ಮ ಅಂತ, ನಿನ್ನ ವಯಸ್ಸಿನವರು. ಅವರು ಗದರಲಿಲ್ಲ, ಉಳ್ಕೋ ಅಂತನೂ ಅನ್ನಲಿಲ್ಲ. "ಬಾಗಿಲು ಅಲ್ಲಿದೆ, ಯಾವಾಗ ಬೇಕಾದ್ರೂ ಹೋಗಬಹುದು, ಯಾರೂ ತಡೆಯಲ್ಲ" ಅಂದ್ರು. ತಡೆಯಲ್ಲ ಅಂದಮೇಲೆ ಯಾಕೋ ಹೋಗೋ ಮನಸ್ಸಾಗಲಿಲ್ಲ. ನಿಜವಾಗಿ ಕಷ್ಟ ಆಗಿದ್ದು ನೋವಲ್ಲ, ಬೆಡ್‌ಪ್ಯಾನು. ಮೊದಲನೇ ದಿನ ಶಾಮಲಮ್ಮ ಅದನ್ನ ತಂದಾಗ ನಾನು ಮುಖ ಗೋಡೆ ಕಡೆ ತಿರುಗಿಸಿಕೊಂಡೆ. ಆಗ ಅಮ್ಮ ನೆನಪಾದಳು. ಸೊಂಟ ಮುರಿದುಕೊಂಡು ಮಲಗಿ, ಕಣ್ಣು ಮುಚ್ಚೋವರೆಗಿನ ಹದಿನಾಲ್ಕು ತಿಂಗಳೂ ಅವಳು ಹಾಗೇ ಗೋಡೆ ಕಡೆ ತಿರುಗ್ತಿದ್ದಳು. ನನ್ನ ಮೇಲೆ ಮುನಿಸು ಅಂದ್ಕೊಂಡಿದ್ದೆ. ನೀನು ಯಾಕೆ ಫೋನ್ ಕಟ್ ಮಾಡ್ತೀಯ ಅಂತನೂ ನನಗೆ ಗೊತ್ತು. ಇನ್ನೊಂದು ಮಂಚ ನೋಡೋ ಶಕ್ತಿ ನಿನಗಿಲ್ಲ. ಆದ್ರೆ ಈ ಮಂಚ ಆ ಮಂಚ ಅಲ್ಲ ಅಪ್ಪಾ.

ಭಾನುವಾರ ದೊಡ್ಡವೆಂಕಟಪ್ಪ ಚಿಕ್ಕಪ್ಪ ಬಂದಿದ್ದ. ಅವನು ನಿನಗೆ ಹೇಗೆ ಹೇಳಿದನೋ, ನಾನು ಆದ ಹಾಗೆ ಬರೀತೀನಿ. ತಲೆಗೆ ಟೋಪಿ, ಬಾಯಿಗೆ ಮಾಸ್ಕು ಹಾಕಿ ಒಳಗೆ ಬಿಟ್ರು. ಸುತ್ತ ನೋಡಿದ, ಎಂಟು ಹೆಂಗಸರು ತಲೆ ಕೆಳಗೆ ಮಾಡಿ ಮಲಗಿರೋದನ್ನ ನೋಡಿ "ಏಂ ಪಿಚ್ಚಿ ಇದಿ" ಅಂದ. ಇದೇನು ಹುಚ್ಚು ಅಂತ ಮೆಹ್ರೀನ್‌ಗೂ ಅರ್ಥ ಆಯ್ತು, ಅವಳೂ ತೆಲುಗು ಮಾತಾಡೋಳೇ. ನನ್ನ ನೋಡಿ ಹೋದ ಸುಗಟೂರಿನ ಗಂಡಿನ ಕಡೆಯೋರು ವಿಷಯ ಕೇಳಿ ಹಿಂದೆಮುಂದೆ ನೋಡ್ತಿದ್ದಾರಂತೆ. ಶಿವಾರಪಟ್ಟಣದಲ್ಲಿ ನಮ್ಮೋರೆಲ್ಲಾ ತಲೆ ತಗ್ಗಿಸೋ ಹಾಗಾಯ್ತಂತೆ. "ಕುಡಿಯೋಕೆ ನೀರಿಗೆ ಸಾವಿರದೈನೂರು ಅಡಿ ಬೋರು ಕೊರೆಸ್ತಿದ್ದೀವಿ, ಇವಳಿಗೆ ಚಂದ್ರ ಬೇಕಂತೆ" ಅಂದ. ಆಮೇಲೆ "ಅಣ್ಣ ಎಬ್ಬಿಸ್ಕೊಂಡು ಬಾ ಅಂದಿದ್ದಾನೆ, ನಡಿ" ಅಂತ ಬಗ್ಗಿ ನನ್ನ ಭುಜದ ಕೆಳಗೆ ಕೈ ಹಾಕ್ದ. ಅಮ್ಮನ್ನ ಎತ್ತುತ್ತಿದ್ದ ಹಾಗೇನೆ, ಅದೇ ಕೈ. ಒಂದು ಸಲ ಎದ್ದು ಕೂತಿದ್ರೆ ಹದಿನಾರು ದಿನ ಮಲಗಿದ್ದು ನೀರಲ್ಲಿ ಹೋಮ ಮಾಡಿದ ಹಾಗೆ. ನಾನು ಮಂಚದ ಕಂಬಿ ಹಿಡ್ಕೊಂಡೆ. "ಚಿಕ್ಕಪ್ಪಾ, ಮಲಗ್ತೀಯಾ ಅಂತ ಅಮ್ಮನ್ನ ಯಾರೂ ಕೇಳಲಿಲ್ಲ. ನನ್ನ ಕೇಳಿದ್ರು. ಓದಿ ನೋಡಿ ಸಹಿ ಹಾಕಿದ್ದೀನಿ. ಕೈ ತೆಗಿ" ಅಂದೆ. ಜೋರಾಗಿ ಅನ್ನಲಿಲ್ಲ, ಆದ್ರೂ ಎಂಟೂ ಮಂಚಕ್ಕೆ ಕೇಳಿಸ್ತು. ಅವನು ಕೈ ತೆಗೆದ. ಶಾಮಲಮ್ಮ ಒಂದು ಸ್ಟೂಲ್ ಹಾಕಿ ಕೂರಿಸಿದ್ರು. ನನ್ನ ಊಟ ಬಂತು, ಮಗ್ಗುಲಾಗಿ ಮೊಸರನ್ನ ತಿಂದೆ. ನೀರಿನ ಲೋಟ ಹಿಡ್ಕೊಂಡಿದ್ದು ಚಿಕ್ಕಪ್ಪನೇ.

ಮನೇಲಿ ಸಮಾಧಾನ ಮಾಡೋಕೆ ನಾನು ಒಂದು ಮಾತು ಹೇಳಿದ್ದೆ, ಅಮ್ಮನ ಥರ ಮೂಳೆ ಸವೆದೋರಿಗೆ ಇದರಿಂದ ಔಷಧಿ ಸಿಗುತ್ತೆ ಅಂತ. ಸಿಕ್ಕರೂ ಸಿಗಬಹುದು. ಆದ್ರೆ ನಾನು ಬಂದಿದ್ದು ಅದಕ್ಕೆ ಅಂತ ಹೇಳಿದ್ರೆ ನಿನಗೆ ಅರ್ಧ ಸುಳ್ಳು ಹೇಳಿದ ಹಾಗೆ. ಜನ ಅಲ್ಲಿಗೆ, ಆ ಚಂದ್ರನ ಕಡೆಗೆ ಹೋಗ್ಬೇಕು, ಹೋಗಿ ಉಳೀಬೇಕು ಅಂತ ನನಗೆ ಆಸೆ. ಅದಕ್ಕೆ ಬಂದೆ. ಎರಡೂವರೆ ವರ್ಷದ ಹಿಂದೆ ನಮ್ಮ ನೌಕೆ ಚಂದ್ರನ ಮೇಲೆ ಇಳಿದ ಸಾಯಂಕಾಲ ನಾನು ಗೌನಿಪಲ್ಲಿ ಬಸ್ಸಲ್ಲಿದ್ದೆ. ಡ್ರೈವರ್ ಅಶ್ವತ್ಥಪ್ಪ ಮಾವಿನ ತೋಪಿನ ಪಕ್ಕ ಬಸ್ಸು ನಿಲ್ಲಿಸಿಬಿಟ್ಟ. ಕಾಲೇಜು ಹುಡುಗಿ ಒಬ್ಬಳ ಫೋನಿನ ಸುತ್ತ ಬಸ್ಸಿಗೆ ಬಸ್ಸೇ ಮುತ್ತಿಕೊಂಡ್ತು. ಇಳೀತು ಅಂದಾಗ ಎಲ್ಲರೂ ಚಪ್ಪಾಳೆ ಹೊಡೆದ್ರು. ಮುನಿಯಲ್ಲಪ್ಪ ಅಂತ ಒಬ್ಬ ತಾತ, ದಿನಾ ನಮ್ಮ ಬಸ್ಸಲ್ಲೇ ಹೋಗೋನು, ಇನ್ನೂ ಫೋನೇ ನೋಡ್ತಿದ್ದ. ಸ್ವಲ್ಪ ಹೊತ್ತಾದ್ಮೇಲೆ ನನ್ನ ಕೇಳ್ದ, "ಅಷ್ಟು ದೂರ ಹೋಗಿ ನಿಂತೈತೆ, ಇಳಿಯೋರು ಯಾರೂ ಇಲ್ವೇನಮ್ಮಾ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಳಿಯೋರು ಯಾರು ಅಂತ ದಿನಾ ಕೂಗೋ ಕಂಡಕ್ಟರ್ ಅಲ್ವಾ, ಆ ಮಾತು ನನ್ನ ಬಿಡಲಿಲ್ಲ. ಈ ಪರೀಕ್ಷೆಗೆ ಜನ ಬೇಕು ಅಂತ ಪೇಪರಲ್ಲಿ ನೋಡಿದ ದಿನವೇ ಅರ್ಜಿ ಹಾಕಿ, ರಜೆ ಬರೆದೆ.

ಇಲ್ಲೇ ಇಷ್ಟು ಕಷ್ಟ ಇರುವಾಗ ಅಲ್ಲಿಗೆ ಯಾಕೆ ಅಂತ ಚಿಕ್ಕಪ್ಪ ಕೇಳಿದ್ದನ್ನೇ ನೀನೂ ಕೇಳ್ತೀಯ. ಬೋರಿನಲ್ಲಿ ನೀರಿಲ್ಲ ಅನ್ನೋದು ನಿಜ, ನಾನೂ ಅದೇ ಊರಿನೋಳು. ಆದ್ರೆ ನಾನು ಚಂದ್ರನ ಮಾತೆತ್ತದೆ ಇದ್ರೆ ಬೋರಿಗೆ ನೀರು ಬರುತ್ತಾ? ಮೇಲೆ ಇರೋರು ತಮ್ಮ ಉಚ್ಚೆಯನ್ನೂ ಬೆವರನ್ನೂ ಶುದ್ಧ ಮಾಡಿ ಕುಡೀತಾರಂತೆ, ಒಂದು ಲೋಟ ನೀರು ಚೆಲ್ಲೋಕೆ ಅವರಿಗೆ ಹಕ್ಕಿಲ್ಲ. ನೀರಿನ ಬೆಲೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಕೆಲಸದಲ್ಲಿ ಕಂಡಿದ್ದು ಒಂದು ಹೇಳ್ತೀನಿ ಕೇಳು. ನಾನು ಸೇರಿದ ವರ್ಷ ಗಡಿ ಕಡೆ ಒಂದು ಹಳ್ಳಿಗೆ ಹೊಸ ರೂಟು ಹಾಕಿದ್ರು. ಒಂದೂವರೆ ತಿಂಗಳು ನಾನೂ ಅಶ್ವತ್ಥಪ್ಪನೂ ಖಾಲಿ ಬಸ್ಸು ಓಡಿಸಿದ್ವಿ. ಹೋಗೋವಾಗ ಇಬ್ಬರು, ಬರೋವಾಗ ಒಂದು ಮೇಕೆ. ಡೀಸೆಲ್ ದಂಡ ಅಂತ ಎಲ್ಲರೂ ಆಡ್ಕೊಂಡ್ರು. ಆ ಜೂನಲ್ಲಿ ನಾಲ್ಕು ಹುಡುಗೀರು ಹೈಸ್ಕೂಲಿಗೆ ಅಂತ ಹತ್ತಿದ್ರು. ಅವರನ್ನ ಮನೇಲಿ ಕೂರಿಸಬೇಕು ಅಂತ ತೀರ್ಮಾನ ಆಗಿತ್ತಂತೆ, ಬಸ್ಸು ಬರುತ್ತಲ್ಲ ಅಂತ ಕಳಿಸಿದ್ರು. ಈಗ ಅದೇ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ. ಊರಿನ ಕಷ್ಟ ಎಲ್ಲಾ ತೀರಲಿ, ಆಮೇಲೆ ಬಸ್ಸು ಬಿಡೋಣ ಅಂತ ಕಾದಿದ್ರೆ ಆ ಹುಡುಗೀರಿಗೆ ಈಗ ಎಷ್ಟು ಮಕ್ಕಳಿರ್ತಿದ್ವು ಹೇಳು.

ಮತ್ತೆ ನಾವೇನು ಶಿವಾರಪಟ್ಟಣದಲ್ಲೇ ನೆಲದಿಂದ ಎದ್ದು ಬಂದೋರಾ? ಒಳ್ಳೇ ಕಲ್ಲು ಹುಡುಕ್ಕೊಂಡು ಗಾಡಿ ಕಟ್ಟಿಕೊಂಡು ಬಂದ ಮುತ್ತಾತನ ಕಥೆ ನನಗೆ ಹೇಳಿದೋನು ನೀನೇ. ಹೊರಡೋವಾಗ ಅವನ ಅಪ್ಪ ಏನಂದಿರ್ತಾನೆ? ಇಲ್ಲಿ ಕಲ್ಲಿಲ್ವಾ ಅಂದಿರ್ತಾನೆ. ಅವನು ಹೊರಟಿದ್ದಕ್ಕೆ ಇವತ್ತು ನೀನು ಸೊಲ್ಲಾಪುರದಲ್ಲಿ ಉಳಿ ಹಿಡಿದು ಕೂತಿದ್ದೀಯ. ಭೂಮಿ ಕೆಟ್ಟುಹೋಯ್ತು, ಬಿಟ್ಟು ಓಡೋಣ ಅಂತ ನಾನು ಹೇಳ್ತಿಲ್ಲ. ಇದು ನಮ್ಮನೆ, ಇದನ್ನ ನೋಡ್ಕೊಳ್ಳೋಣ. ಆದ್ರೆ ಮನುಷ್ಯರಿಗೆ ಇರೋದು ಇದೊಂದೇ ಮನೆ. ಯಾವತ್ತೋ ಒಂದು ದಿನ ಇದಕ್ಕೆ ಏನಾದ್ರೂ ಆದ್ರೆ ಹಾಡು ಹೇಳೋರು, ವಿಗ್ರಹ ಕೆತ್ತೋರು, ಜಗಳ ಆಡೋರು ಎಲ್ಲಾ ಒಟ್ಟಿಗೆ ಹೋದ ಹಾಗೆ. ಅದು ನನಗೆ ಒಪ್ಪಿಗೆ ಇಲ್ಲ. ಅಲ್ಲದೆ ಹೆದರಿಕೆಗೆ ಮಾತ್ರ ಹೋಗಬೇಕಾ? ಅಲ್ಲಿ ಏನಿದೆ ಅಂತ ನೋಡಬೇಕು ಅನ್ನಿಸಿದ್ರೆ ಸಾಲದಾ? ಬರೀ ಕಲ್ಲು ಅಂತೀಯ. ಕಲ್ಲನ್ನ ಬರೀ ಕಲ್ಲು ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು.

ಹೊರಡೋವಾಗ ಚಿಕ್ಕಪ್ಪ ಬಾಗಿಲ ಹತ್ತಿರ ನಿಂತು ಕೇಳ್ದ, "ಹೋದೋರು ವಾಪಸ್ ಬರ್ತಾರಾ?" ಈಗ ಬರ್ತಾರೆ, ಮುಂದೆ ಕೆಲವರು ಅಲ್ಲೇ ಉಳೀತಾರೆ ಅಂದೆ. "ಉಳಿಯೋರ್ಗೆ ಅಲ್ಲಿ ಯಾರಿರ್ತಾರೆ?" ಅಂದ. ಮೂರು ದಿನ ಅದನ್ನೇ ಯೋಚನೆ ಮಾಡಿದ್ದೀನಿ. ಮೊದಲು ಹೋದೋರಿಗೆ ಯಾರೂ ಇರಲ್ಲ, ಅದು ನಿಜ. ಅವರು ಒಬ್ಬರಿಗೊಬ್ಬರು ಇರಬೇಕು, ಅಷ್ಟೆ. ನಿನ್ನೆ ಮೆಹ್ರೀನ್ ತಲೆನೋವು ತಡೆಯೋಕಾಗದೆ ಅಳ್ತಿದ್ದಳು. ಮಂಚದಿಂದ ಕೈ ಚಾಚಿದೆ, ಬೆರಳ ತುದಿ ಮಾತ್ರ ಸಿಕ್ತು. ಅರ್ಧ ಗಂಟೆ ಹಾಗೇ ಹಿಡ್ಕೊಂಡಿದ್ವಿ. ಚಿಕ್ಕಪ್ಪನಿಗೆ ಹೇಳೋಕೆ ನನ್ನ ಹತ್ರ ಇರೋ ಉತ್ತರ ಇದೊಂದೇ.

ನಾನು ಅಪ್ಪಣೆ ಕೇಳೋಕೆ ಬರೀತಿಲ್ಲ ಅಪ್ಪಾ. ಕ್ಷಮೆ ಕೇಳೋಕೂ ಅಲ್ಲ. ಮೂವತ್ತು ದಿನ ಪೂರ್ತಿ ಮಾಡ್ತೀನಿ, ಮುಂದಿನ ಸಲ ಅರವತ್ತು ದಿನದ್ದು ಕರೆದ್ರೆ ಅದಕ್ಕೂ ಬರ್ತೀನಿ. ಸುಗಟೂರಿನೋರಿಗೆ ಬೇಡ ಅನ್ನಿಸಿದ್ರೆ ಬೇಡ ಅಂತ ಅವರೇ ಹೇಳಲಿ, ನೀನು ಅವರ ಮುಂದೆ ಕೈ ಕಟ್ಟಿ ನಿಲ್ಲಬೇಡ. ಒಂದು ತಿಂಗಳು ಮಲಗಿದ್ದನ್ನ ತಪ್ಪು ಅಂತ ಎಣಿಸೋರ ಮನೆಗೆ ಹೋಗಿ ಜೀವಮಾನ ಪೂರ್ತಿ ನಿಂತುಕೊಂಡಿರೋಕೆ ನನಗೂ ಇಷ್ಟ ಇಲ್ಲ.

ನಿನ್ನ ಜೊತೆ ಇರೋ ಕೆಲಸದೋರಿಗೆಲ್ಲಾ ನಾನು ಕೇಳಿದೆ ಅಂತ ಹೇಳು. ಎಡಗಣ್ಣಿಗೆ ಡ್ರಾಪ್ಸ್ ಬಿಡೋದು ಮರೀಬೇಡ. ಸಿಟ್ಟಿದ್ರೂ ಊಟದ ಮೇಲೆ ತೋರಿಸಬೇಡ.

ನಿನ್ನ ಮಗಳು,
ವಾಣಿಶ್ರೀ

ಮರೆತೇಬಿಟ್ಟಿದ್ದೆ, ಶಾಮಲಮ್ಮ ಕಾಗದ ಕೊಡು, ಪೋಸ್ಟಿಗೆ ಹೊತ್ತಾಯ್ತು ಅಂತ ನಿಂತಿದ್ದಾರೆ. ಇಪ್ಪತ್ತಮೂರನೇ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ನಮ್ಮನ್ನ ಎಬ್ಬಿಸ್ತಾರೆ. ಮೊದಲ ಸಲ ನಿಂತಾಗ ಕಣ್ಣು ಕತ್ತಲೆ ಬರುತ್ತಂತೆ, ಕೆಲವರು ಬಿದ್ದೇ ಹೋಗ್ತಾರಂತೆ. ಮನೆಯೋರು ಒಬ್ಬರು ಪಕ್ಕದಲ್ಲಿ ಇರಬಹುದು, ಹೆಸರು ಬರೀರಿ ಅಂತ ಫಾರಂ ಕೊಟ್ರು. ಚಿಕ್ಕಪ್ಪನ ಹೆಸರು ಬರೀಲಿಲ್ಲ. "ಆಂಜಿನಪ್ಪ, ತಂದೆ" ಅಂತ ಬರೆದಿದ್ದೀನಿ. ನಿನ್ನ ಕೇಳದೇನೇ ಬರೆದೆ. ನನ್ನ ಎತ್ತೋಕೆ ಅಲ್ಲ, ನಾನೇ ನಿಲ್ತೀನಿ. ಅಮ್ಮ ಏಳ್ತಾಳೆ ಏಳ್ತಾಳೆ ಅಂತ ನೀನು ಹದಿನಾಲ್ಕು ತಿಂಗಳು ಬಾಗಿಲಲ್ಲಿ ಕಾದೆ. ನಾನು ಏಳೋದನ್ನ ನೀನು ನೋಡಬೇಕು.