ಬಾಗಿಲ ಬಳಿಯ ಕಸಬರಿಗೆ

ಯಾದಗಿರಿ, ಮಂಗಳವಾರ

ಕಕ್ಕೇರಾದ ಚಿಗವ್ವನಿಗೆ ಪರಿಮಳಾಳ ಶರಣು.

ಫೋನಿನಲ್ಲಿ ಹೇಳಿದರೆ ನನ್ನ ದನಿ ನಡುಗುವುದು ನಿನಗೆ ಗೊತ್ತಾಗುತ್ತದೆ, ಅದಕ್ಕೇ ಈ ಕಾರ್ಡು. ಹೈಡ್ರೋಜನ್ ತುಂಬಿದರೂ ಬಿರಿಯದ ಲೋಹವನ್ನು ನಮ್ಮ ಪ್ರಯೋಗಶಾಲೆಯಲ್ಲಿ ಹುಡುಕುತ್ತಿದ್ದೇವೆ. ಈ ಅನಿಲ ಉಕ್ಕಿನೊಳಗೇ ಹೊಕ್ಕು ಅದನ್ನು ಹಪ್ಪಳದಂತೆ ಪಟ್ಟನೆ ಮುರಿಯುವ ಹಾಗೆ ಮಾಡುತ್ತದೆ. ಸೋರಿ ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಪರೀಕ್ಷೆ ನಡೆಸುವ ಶೆಡ್ಡಿನ ಬಾಗಿಲಲ್ಲಿ ಒಂದು ಕಸಬರಿಗೆ ಇಟ್ಟಿರುತ್ತೇವೆ. ಸೋರಿದಾಗ ಅದನ್ನು ಮುಂದೆ ಚಾಚಿಕೊಂಡೇ ನಡೆಯಬೇಕು. ತುದಿ ಹೊತ್ತಿದರೆ ಅಲ್ಲಿ ಬೆಂಕಿಯಿದೆ ಎಂದರ್ಥ.

ನಿನ್ನೆ ದೊಡ್ಡ ಸಾಹೇಬರು ಬರುವವರಿದ್ದರು. ಬಂದವರ ಕಣ್ಣಿಗೆ ಮೊದಲು ಕಸಬರಿಗೆ ಬೀಳಬಾರದೆಂದು ನೀನೇ ಕಲಿಸಿದ್ದೆಯಲ್ಲ; ನಾನು ಯೋಚಿಸದೆ ಅದನ್ನು ಕದದ ಹಿಂದೆ ಸರಿಸಿಟ್ಟೆ. ಹನ್ನೊಂದಕ್ಕೆ ನಾನೇ ತಯಾರಿಸಿದ ಲೋಹದ ಕೊಳವೆ ಬಿರಿದು ಸುಯ್ಗುಟ್ಟಿತು. ವಾಲ್ವ್ ಮುಚ್ಚಲು ಓಡಿದೆ.

"ನಿಂದರ್ರಿ ಮೇಡಮ್ಮಾರ! ಹೆಜ್ಜಿ ಇಡಬ್ಯಾಡ್ರಿ! ಕಸಬರಗಿ ಎಲ್ಲೈತ್ರಿ?" ಎಂದು ಫಿಟ್ಟರ್ ಅಂಬ್ರಪ್ಪ ಕೂಗಿದ.

ಅಲ್ಲೇ ನಿಂತೆ. ಕದದತ್ತ ಕೈ ತೋರಿಸಿದೆ. ಅವನು ತಂದು ಚಾಚಿದ. ನನ್ನ ಮುಖದಿಂದ ಒಂದೇ ಮೊಳ ದೂರದಲ್ಲಿ, ಬರಿಗಾಳಿಯಲ್ಲಿ, ಕಡ್ಡಿಗಳು ಭಗ್ಗನೆ ಹೊತ್ತಿದವು. ಆಮೇಲೆ ಅವನೇ ಸುತ್ತುಹಾಕಿ ಹೋಗಿ ವಾಲ್ವ್ ಮುಚ್ಚಿದ.

ಮೈಗೆ ಏನೂ ಆಗಿಲ್ಲ, ಊಟ ಮಾತ್ರ ಸೇರುತ್ತಿಲ್ಲ. ಸುಟ್ಟುಹೋದದ್ದರ ಬದಲಿಗೆ ನೀನು ಕಟ್ಟಿದ ಈಚಲ ಕಸಬರಿಗೆ ಎರಡನ್ನು ಬಸ್ಸಿಗೆ ಹಾಕು. ನೀನೇ ತರುವುದಾದರೆ ಬಾ. ಆದರೆ ಇಲ್ಲಿ ಕಸಬರಿಗೆ ಬಾಗಿಲಿಗೆ ಎದುರಾಗಿಯೇ ನಿಂತಿರುತ್ತದೆ, ಸರಿಸಬೇಡ.

ಪರಿಮಳಾ