ಎಡಗೈಯೋ, ಬಲಗೈಯೋ?

ಸುಭಾಷಿಣೀ,

ಮಾವನ ನೆನಪಿಗೆ ತುಕ್ಕು ಹಿಡಿದಿದೆ ಎಂದು ನಿನ್ನೆ ನಗಾಡಿದೆ ಅಲ್ವಾ? ಕೇಳು. ಸಿಡುಬಿನ ವರ್ಷ ನಿನ್ನ ಅತ್ತೆ ಲಸಿಕೆಯ ಸೂಜಿಗೆ ಹೆದರಿ ದನದ ಹಟ್ಟಿಯಲ್ಲಿ ಅಡಗಿದ್ದಳು. ಬಂದ ಕಾಂಪೌಂಡರ್ "ಚುಚ್ಚಲಾ?" ಎಂದು ಕೇಳಲೇ ಇಲ್ಲ. "ಎಡಗೈಯೋ, ಬಲಗೈಯೋ ಅಮ್ಮಾ?" ಎಂದ. "ಎಡಗೈ. ಬಲಗೈ ಮಲ್ಲಿಗೆ ಕಟ್ಟಲಿಕ್ಕೆ ಬೇಕು" ಎಂದು ಇವಳೇ ಕೈ ಚಾಚಿದಳು!

ಇವತ್ತು ಕಣ್ಣಿನ ಆಪರೇಷನ್ನಿಗೆ "ಬರ್ತೀರಾ?" ಎಂದು ಕೇಳಬೇಡ ಮಾರಾಯ್ತಿ. ನಾಲ್ಕು ಸಲ ಕೇಳಿ ಕೆಟ್ಟೆವು. "ಕಾರಿನಲ್ಲಿ ಮುಂದೆಯೋ, ಹಿಂದೆಯೋ ಅತ್ತೇ?" ಎಂದು ಕೇಳು. ಕಟಪಾಡಿಯಿಂದ ಕಾರು ತರುತ್ತೇನೆ, ಹತ್ತಕ್ಕೆ ಮಣಿಪಾಲದಲ್ಲಿರಬೇಕು.

ಚೀಟಿ ಅಡಗಿಸುವುದು ಬೇಡ, ಅವಳಿಗೆ ಅಕ್ಷರ ಕಾಣುವುದಿಲ್ಲ. ಅದೇ ನನಗೆ ಸಂಕಟ.

ಕಥೆಯನ್ನು ಮಕ್ಕಳಿಗೆಲ್ಲ ಹೇಳು. ಅವಳಿಗೆ ಮಾತ್ರ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ. ನನ್ನ ಮುಖ ನೋಡಿಕೊಂಡೇ ಬೈಯಲಿ.